ಉಪ್ಪುನೀರಿನಿಂದ ದಡಕ್ಕೆ ಬಂದ ಮೇಲೆ: ದೋಣಿಯ ಟ್ರೇಲರಿನ ಪಾಲನೆ

ಕಾರವಾರದಿಂದ ಉಳ್ಳಾಲದವರೆಗೆ ಹಬ್ಬಿರುವ ನಮ್ಮ ಕರಾವಳಿಯಲ್ಲಿ ಬಂದರಿನ ಧಕ್ಕೆಗೆ ಕಟ್ಟಿಹಾಕತಕ್ಕ ದೊಡ್ಡ ಬೋಟುಗಳ ವಿಚಾರ ಬೇರೆ. ಪ್ರವಾಸಿಗರ ವಿಹಾರಕ್ಕೂ, ಕಡಲಿಗಿಳಿದವರ ರಕ್ಷಣೆಗೂ, ಅಳಿವೆಯ ಹಿನ್ನೀರಿನಲ್ಲಿ ಗಾಳ ಹಾಕುವವರ ಹವ್ಯಾಸಕ್ಕೂ ಒದಗುವ ಚಿಕ್ಕ ಫೈಬರ್ ದೋಣಿಗಳು ಬೆಳಿಗ್ಗೆ ನೀರಿಗಿಳಿದು ಸಂಜೆಗೆ ದಡವೇರಬೇಕಾದವುಗಳಾದುದರಿಂದ, ಅವುಗಳನ್ನು ಹೊತ್ತು ಮರಳಿನ ಮೇಲೆಯೂ ಡಾಂಬರು ರಸ್ತೆಯ ಮೇಲೆಯೂ ಸಾಗುವ ಟ್ರೇಲರು ದೋಣಿಯಷ್ಟೇ ಮುಖ್ಯವಾದ ಸಾಧನವಾಗಿದೆ. ಆದರೂ ಎಂಜಿನಿಗೆ ಸಿಹಿನೀರು ಹಾಯಿಸಿ ತೊಳೆಯುವುದನ್ನು ಎಂದೂ ಮರೆಯದ ಮಾಲೀಕರು, ದೋಣಿಯ ಮೈಯನ್ನು ಕನ್ನಡಿಯಂತೆ ಒರೆಸಿಡುವ ನಾವಿಕರು ಸಹ, ಅದರ ಕೆಳಗಿರುವ ಕಬ್ಬಿಣದ ಬಂಡಿಯನ್ನು ಹಾಗೆಯೇ ಮೂಲೆಗೆ ನೂಕಿ ಮನೆಗೆ ಹೋಗುವುದನ್ನು ಎಲ್ಲ ಕಡೆಯಲ್ಲಿಯೂ ಕಾಣಬಹುದು. ಹೀಗೆ ನೂಕಲ್ಪಟ್ಟ ಬಂಡಿಯ ಗಾಲಿ ಒಂದು ದಿನ ಹೆದ್ದಾರಿಯ ಮಧ್ಯದಲ್ಲಿ ಕಳಚಿಕೊಂಡರೆ ಅಪಾಯಕ್ಕೊಳಗಾಗುವುದು ದೋಣಿಯೊಂದೇ ಅಲ್ಲವಾದ್ದರಿಂದ, ಈ ವಿಷಯವನ್ನು ಕೊಂಚ ವಿಸ್ತಾರವಾಗಿಯೇ ವಿಚಾರಿಸುವುದು ಯುಕ್ತ.

ಮೊದಲು ತುಕ್ಕಿನ ಸ್ವಭಾವವನ್ನು ಅರಿಯಬೇಕು. ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುವುದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಲವಣವು ಆ ನೀರಿನಲ್ಲಿ ವಿದ್ಯುತ್ತಿನ ಸಂಚಾರವನ್ನು ಸುಲಭಗೊಳಿಸಿ, ಲೋಹದ ಮೇಲಿನ ರಕ್ಷಕ ಪೊರೆಯನ್ನು ಕ್ಲೋರೈಡಿನ ಮೂಲಕ ಒಡೆದು, ಕ್ರಿಯೆಯನ್ನು ತ್ವರೆಗೊಳಿಸುತ್ತದೆಂಬುದೂ ಪರಿಚಿತವೇ. ಆದರೆ ಟ್ರೇಲರು ಸಮುದ್ರದ ನೀರಿನಲ್ಲಿ ನಿಲ್ಲುವುದು ದೋಣಿಯನ್ನು ಇಳಿಸುವಾಗ ಕೆಲವು ನಿಮಿಷ, ಏರಿಸುವಾಗ ಕೆಲವು ನಿಮಿಷ ಮಾತ್ರ. ದಿನದ ಉಳಿದ ಕಾಲವೆಲ್ಲ ಅದು ದಡದಲ್ಲಿಯೇ ಇರುತ್ತದೆ, ಮತ್ತು ಅದರ ನಾಶದ ಬಹುಭಾಗವು ನಡೆಯುವುದು ಆ ದಡದ ಮೇಲಿನ ದೀರ್ಘ ಅವಧಿಯಲ್ಲಿಯೇ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರು ಆವಿಯಾದರೂ ಆ ಲವಣ ಲೋಹದ ಮೇಲೆ ಉಳಿಯುತ್ತದೆ. ಅದರಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಾದರೋ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 33ರಷ್ಟಿದ್ದರೂ ತೇವವನ್ನು ಹೀರಿ ತಾನೇ ದ್ರವವಾಗತಕ್ಕ ವಸ್ತು, ಅಡಿಗೆಯ ಉಪ್ಪಿಗೆ ಶೇಕಡ 75ರಷ್ಟು ಆರ್ದ್ರತೆ ಸಾಕು. ನಮ್ಮ ಕರಾವಳಿಯ ಗಾಳಿ ವರ್ಷದ ಬಹುಪಾಲು ಈ ಮಿತಿಗಳಿಗೆ ಮೇಲೆಯೇ ಇರುವುದರಿಂದ, ಕಣ್ಣಿಗೆ ಒಣಗಿದಂತೆ ತೋರುವ ಟ್ರೇಲರು ವಾಸ್ತವವಾಗಿ ಹಗಲೂ ರಾತ್ರಿಯೂ ತೆಳುವಾದ ಉಪ್ಪುನೀರಿನ ಪದರದೊಳಗೆ ನೆನೆಯುತ್ತಿರುತ್ತದೆ. ಆ ಪದರ ತೆಳುವಾದಷ್ಟೂ ಆಮ್ಲಜನಕ ಲೋಹವನ್ನು ಮುಟ್ಟುವುದು ಸುಲಭ.

ಆದುದರಿಂದ ಪಾಲನೆಯೆಂಬುದು ದೋಣಿ ದಡವೇರಿದ ನಂತರದ ಅರ್ಧ ಗಂಟೆಯ ಕೆಲಸ. ಮಿಕ್ಕದ್ದೆಲ್ಲ ಅದಕ್ಕೆ ಪೂರಕ. ಉಪ್ಪು ಒಣಗಿ ಹರಳುಗಟ್ಟುವ ಮೊದಲೇ ಧಾರಾಳವಾದ ಸಿಹಿನೀರಿನಿಂದ ಟ್ರೇಲರನ್ನು ತೊಳೆಯತಕ್ಕದ್ದು. ಕಣ್ಣಿಗೆ ಬೀಳುವ ಮೇಲ್ಮೈಯನ್ನು ಮಾತ್ರ ತೊಳೆದು ತೃಪ್ತಿಪಟ್ಟರೆ ಪ್ರಯೋಜನವಿಲ್ಲ. ಆಕ್ಸಲಿನ ಕೆಳಭಾಗ, ಪಟ್ಟಿ ಸ್ಪ್ರಿಂಗುಗಳ ಪದರಗಳ ಸಂದು, ಚಕ್ರದ ಒಳಮೈ, ದೋಣಿಯ ತಳ ಕೂರುವ ಹಲಗೆಗಳ ಅಡಿ, ಯು-ಬೋಲ್ಟುಗಳ ಸುತ್ತಲಿನ ಮೂಲೆ, ಟೊಳ್ಳು ಕೊಳವೆಗಳ ಒಳಭಾಗ ಇವುಗಳಿಗೆ ಪೈಪಿನ ಬಾಯನ್ನೇ ಹಿಡಿದು, ಹೊರಬರುವ ನೀರು ತಿಳಿಯಾಗುವವರೆಗೆ ಹಾಯಿಸಬೇಕು. ವಾಹನ ತೊಳೆಯುವ ಅಂಗಡಿಗಳ ಅಧಿಕ ಒತ್ತಡದ ನೀರು ಚೌಕಟ್ಟಿಗೆ ಒಳ್ಳೆಯದಾದರೂ, ಅದನ್ನು ಹಬ್‌ನ ಸೀಲಿಗೆ ಗುರಿಯಿಟ್ಟು ಹೊಡೆದರೆ ನೀರು ಬೇರಿಂಗಿನೊಳಕ್ಕೆ ನುಗ್ಗುವುದಾದ್ದರಿಂದ, ಅಲ್ಲಿ ಸಾಮಾನ್ಯ ನಲ್ಲಿಯ ಒತ್ತಡವೇ ಸಾಕು.

ನೀರಿನ ವಿಷಯದಲ್ಲಿ ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಂತರ್ಜಲ ಇಳಿದು, ಕಡಲ ಬದಿಯ ಅನೇಕ ಬಾವಿಗಳ ನೀರಿಗೆ ಉಪ್ಪಿನಂಶ ಸೇರುತ್ತದೆ; ಅಂಥ ನೀರಿನಿಂದ ಎಷ್ಟು ಹೊತ್ತು ತೊಳೆದರೂ ತೊಳೆದಂತಾಗದು. ನಾಲಗೆಗೆ ಸ್ವಲ್ಪ ಸಪ್ಪೆಯೋ ಉಪ್ಪೋ ಎಂಬ ಸಂದೇಹ ಬಂದಲ್ಲಿ ಬೇರೆ ನೀರನ್ನು ಹುಡುಕುವುದೇ ಲೇಸು. ಇದೇ ರೀತಿ, ನದಿಯಲ್ಲಿ ಇಳಿಸಿದ ದೋಣಿಗೆ ಉಪ್ಪಿನ ಭಯವಿಲ್ಲವೆಂದು ನಂಬುವವರೂ ಉಂಟು. ಕಾಳಿಯಾಗಲಿ, ಶರಾವತಿಯಾಗಲಿ, ನೇತ್ರಾವತಿಯಾಗಲಿ, ಬೇಸಗೆಯಲ್ಲಿ ಪ್ರವಾಹ ಕ್ಷೀಣಿಸಿದಾಗ ಭರತದ ನೀರು ಅಳಿವೆಯಿಂದ ಒಳನಾಡಿನ ಕಡೆಗೆ ಬಹುದೂರ ಏರಿ ಬರುವುದನ್ನು ಅವರು ನೆನಪಿಡತಕ್ಕದ್ದು.

ಇನ್ನೊಂದು ಸಂಗತಿ ಮೇಲ್ನೋಟಕ್ಕೆ ವಿಪರೀತವೆಂದು ತೋರಬಹುದು. ತೊಳೆಯದ ಟ್ರೇಲರನ್ನು ಮಳೆಯಲ್ಲಿ ನಿಲ್ಲಿಸುವುದಕ್ಕಿಂತ ಕಡಲ ಗಾಳಿ ಬೀಸುವ ಮಾಡಿನ ಕೆಳಗೆ ನಿಲ್ಲಿಸುವುದು ಹೆಚ್ಚು ಹಾನಿಕರ. ಬಯಲಲ್ಲಿದ್ದರೆ ಮಳೆಯೇ ಲವಣವನ್ನು ತೊಳೆದುಬಿಡುತ್ತದೆ. ಮಾಡಿನ ಕೆಳಗಾದರೆ ಗಾಳಿ ತಂದ ಉಪ್ಪು ಮೇಲಿಂದ ಮೇಲೆ ಕೂಡುತ್ತಲೇ ಹೋಗುತ್ತದೆ, ತೊಳೆಯುವವರಿಲ್ಲ. ಟ್ರೇಲರಿನ ಮೇಲ್ಮೈ ಚೆನ್ನಾಗಿದ್ದು ಕೆಳಮೈ ಕೊಳೆತಿರುವುದಕ್ಕೂ ಇದೇ ಕಾರಣ. ಟಾರ್ಪಾಲನ್ನು ಬಿಗಿಯಾಗಿ ಸುತ್ತಿಡುವುದೂ ಒಳಗಿನ ಆರ್ದ್ರತೆಯನ್ನು ಬಂಧಿಸಿಡುವುದಾದ್ದರಿಂದ ಅದೂ ಸಲ್ಲದು; ಮೇಲೆ ಹೊದಿಕೆ, ಬದಿಗಳಲ್ಲಿ ಗಾಳಿಯ ಸಂಚಾರ, ಇದು ಸರಿಯಾದ ಕ್ರಮ.

ತೊಳೆಯುವುದು ದಿನದಿನದ ರಕ್ಷಣೆಯಾದರೆ, ಸತುವಿನ ಲೇಪನ ಆಜೀವ ರಕ್ಷಣೆ. ಇದರ ಹಿಂದಿನ ತತ್ತ್ವ ಸ್ವಾರಸ್ಯವಾದುದು. ಬ್ರಿಟಿಷ್ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಕಡಲಿನಲ್ಲಿ ಸವೆದುಹೋಗುತ್ತಿದ್ದುದನ್ನು ಕುರಿತು ವಿಚಾರಿಸಿದ ಹಂಫ್ರಿ ಡೇವಿ, ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ತಗುಲಿಸಿದರೆ ಆ ತುಂಡುಗಳೇ ಕರಗಿ ತಾಮ್ರವನ್ನು ಉಳಿಸುವುವೆಂಬುದನ್ನು 1824ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರತಿಪಾದಿಸಿದನು. ತಾಮ್ರವೇನೋ ಉಳಿಯಿತು, ಆದರೆ ತಾಮ್ರ ಕರಗುವುದು ನಿಂತೊಡನೆ ಅದರ ವಿಷಕ್ಕೆ ಅಂಜಿ ದೂರವಿದ್ದ ಕಡಲಜೀವಿಗಳು ಹಡಗಿನ ತಳಕ್ಕೆ ಅಂಟಿ ಬೆಳೆದು ವೇಗವನ್ನು ಕುಗ್ಗಿಸಿದುದರಿಂದ ಆ ಯೋಜನೆಯನ್ನು ಕೈಬಿಡಬೇಕಾಯಿತು. ತತ್ತ್ವ ಮಾತ್ರ ಸುಳ್ಳಾಗಲಿಲ್ಲ. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬ ಎಂಜಿನಿಯರು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದನು, ಮತ್ತು ಇಂದಿಗೂ ಒಳ್ಳೆಯ ಟ್ರೇಲರುಗಳ ಚೌಕಟ್ಟುಗಳು ಸುಮಾರು 450 ಡಿಗ್ರಿ ಸೆಲ್ಸಿಯಸ್ ಉಷ್ಣದ ಸತುವಿನ ಕೊಳದಲ್ಲಿ ಮುಳುಗಿಯೇ ಹೊರಬರುತ್ತವೆ. ಬಣ್ಣಕ್ಕೂ ಸತುವಿಗೂ ಇರುವ ಭೇದ ಇದು: ಬಣ್ಣದಲ್ಲಿ ಒಂದು ಗೀರು ಬಿದ್ದರೆ ಅಲ್ಲಿಂದ ತುಕ್ಕು ಬಣ್ಣದ ಅಡಿಯಲ್ಲಿ ಹರಡುತ್ತದೆ, ಸತುವಿನಲ್ಲಿ ಗೀರು ಬಿದ್ದರೆ ಸುತ್ತಲಿನ ಸತುವು ತಾನು ಕರಗುತ್ತ ಬಯಲಾದ ಉಕ್ಕನ್ನು ಕಾಯುತ್ತದೆ.

ಆದರೆ ಸತುವಿನ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಒಂದೇ ಅಲ್ಲ. ಕೊಳದಲ್ಲಿ ಅದ್ದಿದ ದಪ್ಪನೆಯ ಉಕ್ಕಿನ ಮೇಲೆ ಸುಮಾರು 85 ಮೈಕ್ರಾನ್ ದಪ್ಪದ ಲೇಪನ ಕೂರುತ್ತದೆ. ಅಂದರೆ ಚದರ ಮೀಟರಿಗೆ ಸುಮಾರು 610 ಗ್ರಾಂ ಸತುವು. ಪೇಟೆಯಲ್ಲಿ ದೊರೆಯುವ ಹೊಳಪಿನ ನಟ್ಟು ಬೋಲ್ಟುಗಳ ಮೇಲೆ ವಿದ್ಯುತ್ತಿನಿಂದ ಕೂರಿಸಿದ ಸತುವಾದರೋ ಸಾಮಾನ್ಯವಾಗಿ ಹತ್ತು ಮೈಕ್ರಾನಿನ ಆಸುಪಾಸು ಮಾತ್ರ. ಸಮುದ್ರತೀರದ ಗಾಳಿ ವರ್ಷಕ್ಕೆ ಕೆಲವು ಮೈಕ್ರಾನುಗಳಷ್ಟು ಸತುವನ್ನು ಸವೆಸುವುದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಯಾವುದು ಎಷ್ಟು ಕಾಲ ಬಾಳೀತೆಂಬುದನ್ನು ವಾಚಕರೇ ಊಹಿಸಬಹುದು. ಊರಿನ ವೆಲ್ಡಿಂಗ್ ಶಾಪಿನಲ್ಲಿ ಜಿ.ಐ. ಪೈಪುಗಳನ್ನು ಜೋಡಿಸಿ ಟ್ರೇಲರು ಮಾಡಿಸಿಕೊಳ್ಳುವುದು ನಮ್ಮಲ್ಲಿ ರೂಢಿ; ಅದರಲ್ಲಿ ದೋಷವೇನೂ ಇಲ್ಲ. ಆದರೆ ಸತುವು 907 ಡಿಗ್ರಿಯಲ್ಲಿ ಆವಿಯಾಗತಕ್ಕ ಲೋಹ, ವೆಲ್ಡಿಂಗಿನ ಉಷ್ಣ ಅದಕ್ಕಿಂತ ಬಹಳ ಅಧಿಕ. ಆದ್ದರಿಂದ ಪ್ರತಿಯೊಂದು ಬೆಸುಗೆಯ ಸುತ್ತಲೂ ಲೇಪನ ಸುಟ್ಟುಹೋಗಿ, ಅತ್ಯಧಿಕ ಭಾರ ಬೀಳುವ ಸಂಧಿಯೇ ಅತ್ಯಂತ ಬೆತ್ತಲೆಯಾಗಿ ಉಳಿಯುತ್ತದೆ. ಸಾಮಾನ್ಯ ಉಕ್ಕಿನಿಂದ ಪೂರ್ತಿ ಚೌಕಟ್ಟನ್ನು ಬೆಸೆದು, ರಂಧ್ರಗಳನ್ನೆಲ್ಲ ಕೊರೆದು, ಆಮೇಲೆ ಗ್ಯಾಲ್ವನೈಸಿಂಗ್ ಕಾರ್ಖಾನೆಗೆ ಕೊಡುವುದೇ ನನ್ನ ಅಭಿಪ್ರಾಯದಲ್ಲಿ ಉತ್ತಮ ಮಾರ್ಗ. ಆರಂಭದ ವೆಚ್ಚ ಹೆಚ್ಚೆಂದು ಹಿಂಜರಿಯುವವರು ಪದೇ ಪದೇ ಬಳಿಯಬೇಕಾದ ಬಣ್ಣದ ಖರ್ಚನ್ನು ಜೊತೆಗಿಟ್ಟು ನೋಡಬೇಕು. ಕೊಳವೆಗಳ ಎರಡೂ ತುದಿಗಳಲ್ಲಿ ರಂಧ್ರಗಳಿರಲೇಬೇಕು: ಮುಚ್ಚಿದ ಕೊಳವೆಯನ್ನು ಸತುವಿನ ಕೊಳದಲ್ಲಿ ಮುಳುಗಿಸಿದರೆ ಒಳಗಿನ ಗಾಳಿಯೂ ತೇವವೂ ಹಿಗ್ಗಿ ಸ್ಫೋಟವಾಗುವ ಅಪಾಯವುಂಟು, ಮತ್ತು ಮುಂದೆ ಒಳಗೆ ಸೇರಿದ ಕಡಲ ನೀರು ಬಸಿಯುವುದಕ್ಕೂ ಅವೇ ದಾರಿ. ಒಳಮೈ ಕಣ್ಣಿಗೆ ಕಾಣದ ಚೌಕ ಕೊಳವೆಗಿಂತ ಎಲ್ಲ ಮೈಯೂ ತೆರೆದಿರುವ ಚಾನೆಲ್ ಉಕ್ಕು ಕಡಲಿನ ಕೆಲಸಕ್ಕೆ ಮೇಲು.

ಚೌಕ ಕೊಳವೆಯ ಹಳೆಯ ಟ್ರೇಲರನ್ನು ಕೊಳ್ಳುವವರು ಬಣ್ಣವನ್ನು ನೋಡಿ ಮರುಳಾಗಬಾರದು. ಸಣ್ಣ ಸುತ್ತಿಗೆಯಿಂದ ಚೌಕಟ್ಟಿನ ಉದ್ದಕ್ಕೂ ಮೆಲ್ಲನೆ ತಟ್ಟುತ್ತ ಹೋದರೆ, ಗಟ್ಟಿ ಉಕ್ಕು ಕಣಕಣನೆ ನಿನದಿಸುತ್ತದೆ. ಒಳಗಿನಿಂದ ಕೊಳೆತ ಜಾಗದಲ್ಲಿ ಧ್ವನಿ ಥಟ್ಟನೆ ಮಂಕಾಗುತ್ತದೆ, ಕೆಲವೊಮ್ಮೆ ಒಳಗೆ ಉದುರಿದ ತುಕ್ಕಿನ ಹಕ್ಕಳೆಗಳು ಸರಸರನೆ ಜಾರುವುದೂ ಕೇಳಿಸುತ್ತದೆ. ಅಂಥಲ್ಲಿ ಸ್ಕ್ರೂ ಡ್ರೈವರಿನ ಮೊನೆಯನ್ನು ಒತ್ತಿ ನೋಡಬೇಕು. ಲೋಹ ತಗ್ಗಿದರೆ ಆ ಭಾಗವನ್ನು ಕತ್ತರಿಸಿ ಹೊಸದನ್ನು ಬೆಸೆಯುವುದಲ್ಲದೆ ಬೇರೆ ಉಪಾಯವಿಲ್ಲ. ಮೇಲೊಂದು ತಗಡನ್ನು ಹಚ್ಚಿ ಬಣ್ಣ ಬಳಿಯುವುದು ಕೊಳ್ಳುವವನ ಕಣ್ಣು ಕಟ್ಟುವುದಕ್ಕೆ ಮಾತ್ರ ಒದಗೀತು.

ಮೇಲ್ಮೈಯ ತುಕ್ಕಿಗೆ ಚಿಕಿತ್ಸೆ ಸುಲಭ, ಆದರೆ ಅನುಕ್ರಮ ತಪ್ಪಬಾರದು. ಮೊಟ್ಟಮೊದಲು ಸಿಹಿನೀರಿನಿಂದ ಉಪ್ಪನ್ನು ತೊಳೆದು ಒಣಗಿಸಬೇಕು. ಉಪ್ಪಿನ ಮೇಲೆ ಬಳಿದ ಬಣ್ಣ ಎಷ್ಟು ಬೆಲೆಯದಾದರೂ ಬೊಬ್ಬೆಯೇಳುತ್ತದೆ. ಆನಂತರ ಸಡಿಲವಾದ ಹಕ್ಕಳೆಗಳನ್ನು ಕೆರೆದು, ವೈರ್ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ಲೋಹದ ಹೊಳಪು ಕಾಣುವವರೆಗೆ ಉಜ್ಜಬೇಕು. ತುಕ್ಕು ಬಿಡಿಸಲೆಂದು ಶೌಚಾಲಯ ತೊಳೆಯುವ ಆಸಿಡ್ಡನ್ನು ಸುರಿಯುವ ದುರಭ್ಯಾಸವೊಂದು ನಮ್ಮಲ್ಲಿ ಹಬ್ಬಿದೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕನ್ನು ಕರಗಿಸುವುದರೊಡನೆ ಉಳಿದಿರುವ ಸತುವನ್ನೂ ತಿಂದು, ಯಾವ ಕ್ಲೋರೈಡನ್ನು ತೊಲಗಿಸಲು ಇಷ್ಟೆಲ್ಲ ಶ್ರಮವೋ ಅದನ್ನೇ ಸಂದುಗಳಲ್ಲಿ ತುಂಬಿಹೋಗುತ್ತದೆ. ಇದನ್ನು ಸರ್ವಥಾ ವರ್ಜಿಸಬೇಕು. ಬ್ರಷ್ಷು ತಲಪದ ಕುಳಿಗಳಿಗೆ ಟ್ಯಾನಿಕ್ ಆಮ್ಲವುಳ್ಳ ರಸ್ಟ್ ಕನ್ವರ್ಟರ್ ದ್ರವವನ್ನು ಹಚ್ಚಿದರೆ ಕೆಂಪು ತುಕ್ಕು ನೀಲಿಗಪ್ಪಾದ ಸ್ಥಿರ ಪದಾರ್ಥವಾಗಿ ಮಾರ್ಪಡುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣವನ್ನು ಕೂಡಿಸಿ ಕಪ್ಪು ಶಾಯಿಯನ್ನು ತಯಾರಿಸುತ್ತಿದ್ದುದೂ ಇದೇ ರಾಸಾಯನಿಕ ಕ್ರಿಯೆಯಿಂದ. ಹೊಳಪು ಬಂದ ಉಕ್ಕಿನ ಮೇಲಾದರೋ ಕನ್ವರ್ಟರ್ ಬೇಡ; ಅಲ್ಲಿ ನೇರವಾಗಿ ಸತುವಿನ ಪುಡಿ ದಟ್ಟವಾಗಿರುವ ಜಿಂಕ್-ರಿಚ್ ಪ್ರೈಮರನ್ನು ಬಳಿಯಬೇಕು, ಏಕೆಂದರೆ ಸತುವಿನ ಕಣಗಳು ಉಕ್ಕನ್ನು ಮುಟ್ಟಿದಾಗಲಷ್ಟೆ ಅದನ್ನು ಕಾಯಬಲ್ಲವು. ಕಿಟಕಿಯ ಸರಳಿಗೆ ಬಳಿಯುವ ರೆಡ್ ಆಕ್ಸೈಡ್ ಅಗ್ಗವೂ ಸುಲಭವೂ ಹೌದು, ಆದರೆ ಉಕ್ಕಿಗಾಗಿ ತಾನು ಕರಗುವ ಗುಣ ಅದಕ್ಕಿಲ್ಲ. ಕಡಲಿಗಿಳಿಯುವ ಉಕ್ಕಿಗೆ ಅದೊಂದೇ ಸಾಲದು. ಪ್ರೈಮರಿನ ಮೇಲೆ ಎಪಾಕ್ಸಿ, ಅದರ ಮೇಲೆ ಬಿಸಿಲನ್ನು ತಾಳತಕ್ಕ ಪಾಲಿಯುರಿಥೇನ್ ಬಣ್ಣ. ಈ ಕೆಲಸವನ್ನೆಲ್ಲ ಮಳೆಗಾಲದ ಮೊದಲೇ, ಒಣ ಹವೆಯ ದಿನಗಳಲ್ಲಿ ಮುಗಿಸಬೇಕು. ಸತುವಿನ ಲೇಪನವಿರುವ ಉಕ್ಕನ್ನು ಬೆಸೆಯುವ ಪ್ರಸಂಗ ಬಂದರೆ ಮೊದಲು ಆ ಲೇಪನವನ್ನು ಉಜ್ಜಿ ತೆಗೆದು, ಬಯಲಿನಲ್ಲಿಯೇ ಬೆಸೆಯಬೇಕು. ಸತುವಿನ ಹೊಗೆಯನ್ನು ಸೇವಿಸಿದವರಿಗೆ ಚಳಿಜ್ವರ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಹಬ್‌ಗಳನ್ನು ಅಲಕ್ಷಿಸಿದರೆ ಟ್ರೇಲರು ರಸ್ತೆಯಲ್ಲಿ ಕೈಕೊಡುತ್ತದೆ. ಗಾಲಿಯ ನಡುವಿನ ಹಬ್‌ನೊಳಗೆ ಎರಡು ಬೇರಿಂಗುಗಳು ಗ್ರೀಸಿನಲ್ಲಿ ಹುದುಗಿ ತಿರುಗುತ್ತಿರುತ್ತವೆ, ಹಿಂಬದಿಯಲ್ಲಿ ರಬ್ಬರಿನ ಸೀಲೊಂದು ನೀರನ್ನು ತಡೆಯುತ್ತದೆ. ದೂರದಿಂದ ಓಡಿಬಂದ ಟ್ರೇಲರಿನ ಹಬ್ ಕಾದಿರುತ್ತದೆ. ಒಳಗಿನ ಗಾಳಿಯೂ ಹಿಗ್ಗಿರುತ್ತದೆ. ಆ ಸ್ಥಿತಿಯಲ್ಲಿ ಅದನ್ನು ಒಮ್ಮೆಗೇ ನೀರಿಗಿಳಿಸಿದರೆ ಗಾಳಿ ಕುಗ್ಗಿ, ಒಳಗೆ ಒತ್ತಡ ಇಳಿದು, ಸೀಲಿನ ಅಂಚಿನಿಂದ ಉಪ್ಪುನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ಆದುದರಿಂದ ದಡವನ್ನು ತಲಪಿದೊಡನೆ ನೀರಿಗಿಳಿಸುವ ಆತುರವನ್ನು ತಡೆದು, ಹಬ್ಬನ್ನು ಕೈಯಿಂದ ಮುಟ್ಟಿ ನೋಡಿ, ಅದು ತಣ್ಣಗಾಗುವವರೆಗೆ ಕಾಯುವುದು ಒಳ್ಳೆಯದು. ದೋಣಿಯ ತಳದ ಬಿರಡೆಯನ್ನು ಬಿಗಿಯುವುದು, ಸಾಮಾನುಗಳನ್ನು ಜೋಡಿಸುವುದು, ಜೀವರಕ್ಷಕ ಕವಚಗಳನ್ನು ಹಂಚುವುದು ಇತ್ಯಾದಿ ಕೆಲಸಗಳಿಗೆ ಆ ವೇಳೆ ಒದಗುತ್ತದೆ. ಬೆಚ್ಚಗಿದ್ದರೆ ಸಹಜ, ಕೈಯಿಡಲಾಗದಷ್ಟು ಸುಡುತ್ತಿದ್ದರೆ, ಅಥವಾ ಒಂದು ಗಾಲಿ ಮತ್ತೊಂದಕ್ಕಿಂತ ಸ್ಪಷ್ಟವಾಗಿ ಬಿಸಿಯಾಗಿದ್ದರೆ, ಬೇರಿಂಗು ಕೆಟ್ಟಿದೆಯೆಂದೇ ತಿಳಿಯಬೇಕು. ಸ್ಪ್ರಿಂಗಿನ ಬಲದಿಂದ ಗ್ರೀಸನ್ನು ಸದಾ ಸ್ವಲ್ಪ ಒತ್ತಡದಲ್ಲಿರಿಸಿ ನೀರನ್ನು ಹೊರಗೆ ತಡೆಯುವ ಬೇರಿಂಗ್ ಬಡ್ಡಿ ಮಾದರಿಯ ಮುಚ್ಚಳಗಳು ಉಪಯುಕ್ತವೇ. ಆದರೆ ಅವುಗಳಿಗೆ ಮಿತಿಮೀರಿ ಗ್ರೀಸ್ ತುಂಬಿದರೆ ಹಿಂದಿನ ಸೀಲೇ ಕಿತ್ತುಬರುತ್ತದೆ, ಮತ್ತು ಮುಚ್ಚಳವಿದೆಯೆಂಬ ಧೈರ್ಯದಿಂದ ಹಬ್ಬನ್ನು ತೆರೆಯದೆ ಇರುವುದೂ ತರವಲ್ಲ.

ವರ್ಷಕ್ಕೊಮ್ಮೆಯಾದರೂ, ಕಡಲಿನಲ್ಲಿ ನಿತ್ಯ ಬಳಕೆಯಿದ್ದರೆ ಇನ್ನೂ ಬೇಗ, ಹಬ್ಬನ್ನು ಬಿಚ್ಚಿ ಒಳಗನ್ನು ಕಣ್ಣಾರೆ ನೋಡಬೇಕು. ಗ್ರೀಸ್ ತನ್ನ ಮೂಲ ಬಣ್ಣದಲ್ಲಿದ್ದು ನುಣುಪಾಗಿದ್ದರೆ ಸರಿ. ಹಾಲು ಬೆರೆತಂತೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ. ಬೆರಳುಗಳ ನಡುವೆ ತಿಕ್ಕಿದಾಗ ಮರಳಿನಂತೆ ಒರಟಾಗಿ ಹತ್ತಿದರೆ ಲೋಹ ಸವೆಯುತ್ತಿದೆ. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಬೆಳಕಿಗೆ ಹಿಡಿದರೆ, ಉರುಳೆಗಳ ಮೇಲೆ ಸಾಸಿವೆಗಿಂತಲೂ ಸಣ್ಣ ಕುಳಿಗಳೋ ನೀಲಿ ಛಾಯೆಯೋ ಕಂಡರೂ ಸಾಕು, ಅದನ್ನೂ ಅದು ಕೂರುವ ಹೊರಬಳೆಯನ್ನೂ ಒಟ್ಟಿಗೆ ಬದಲಾಯಿಸಬೇಕು. ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ಬೇರಿಂಗಿನ ಅಗಲವಾದ ಬದಿಯಿಂದ ಒತ್ತುತ್ತ, ಉರುಳೆಗಳ ಸಂದಿನಿಂದ ಮತ್ತೊಂದು ಬದಿಗೆ ಹೊರಬರುವವರೆಗೆ ತುಂಬಬೇಕು. ನೀರನ್ನು ತಡೆಯತಕ್ಕ ಮರೈನ್ ಗ್ರೀಸನ್ನೇ ಬಳಸಬೇಕು. ಬೇರೆ ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಿದರೆ ಎರಡೂ ತೆಳುವಾಗಿ ಹರಿದುಹೋಗುವ ಸಂಭವವಿರುವುದರಿಂದ, ಹಳೆಯದನ್ನು ಸಂಪೂರ್ಣ ತೆಗೆದೇ ಹೊಸದನ್ನು ತುಂಬುವುದು ಕ್ಷೇಮ. ಸೀಲು ಅಲ್ಪ ಬೆಲೆಯದು, ಪ್ರತಿ ಸಲವೂ ಹೊಸದನ್ನೇ ಹಾಕಬೇಕು. ಜೋಡಿಸುವಾಗ ಗಾಲಿಯನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿಮಾಡಿ, ಬೇರಿಂಗು ಸರಿಯಾಗಿ ಕುಳಿತ ಮೇಲೆ ನಟ್ಟನ್ನು ಸಡಿಲಿಸಿ, ಬೆರಳಿನ ಬಿಗಿಗೆ ತಂದು, ಹೊಸ ಸ್ಪ್ಲಿಟ್ ಪಿನ್ನನ್ನು ಹಾಕಿ ಮಡಚಬೇಕು.

ಸಣ್ಣ ಭಾಗಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಪಟ್ಟಿ ಸ್ಪ್ರಿಂಗುಗಳ ನಡುವೆ ತುಕ್ಕು ಬೆಳೆದರೆ, ಅದು ತಾನು ನುಂಗಿದ ಕಬ್ಬಿಣಕ್ಕಿಂತ ಬಹಳ ಹೆಚ್ಚಿನ ಸ್ಥಳವನ್ನು ಆಕ್ರಮಿಸುವುದರಿಂದ ಪಟ್ಟಿಗಳು ಪರಸ್ಪರ ಬೇರ್ಪಟ್ಟು ಉಬ್ಬುತ್ತವೆ. ಉಬ್ಬಿದ ಸ್ಪ್ರಿಂಗನ್ನು ಬದಲಾಯಿಸುವುದೇ ವಿಹಿತ. ಹೊಸದಾಗಿರುವಾಗಲೇ ಲ್ಯಾನೋಲಿನ್ ಲೇಪವನ್ನು ಸಂದುಗಳಿಗೆ ಸಿಂಪಡಿಸುತ್ತಿದ್ದರೆ ಆ ಸ್ಥಿತಿ ಬೇಗ ಬಾರದು. ಮರದ ದೋಣಿಗಳಿಗೆ ಮೀನೆಣ್ಣೆಯನ್ನು ಬಳಿಯುತ್ತಿದ್ದ ಕರಾವಳಿಯಲ್ಲಿ ಇಂಥ ಉಪಚಾರದ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲನ್ನು ಬಳಿದು ಅದನ್ನು ಹೊಳೆಗೂ ಕಡಲಿಗೂ ಸೇರಿಸುವುದು ಮೀನಿನಿಂದಲೇ ಬದುಕುವ ನಾಡಿಗೆ ಮಾಡುವ ದ್ರೋಹ. ದೋಣಿ ಕೂರುವ ಹಲಗೆಗಳ ಮೇಲಿನ ಕಾರ್ಪೆಟ್ಟು ಉಪ್ಪುನೀರನ್ನು ಹಿಡಿದಿಡುತ್ತದೆ, ಅದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ತೊಳೆಯಬೇಕು. ತಾಮ್ರದ ಲವಣಗಳಿಂದ ಸಂಸ್ಕರಿಸಿದ ಮರವಾಗಿದ್ದರೆ ಅದು ಸತುವನ್ನೂ ಅಲ್ಯುಮಿನಿಯಮ್ಮನ್ನೂ ನೇರವಾಗಿ ಮುಟ್ಟದಂತೆ ನಡುವೆ ರಬ್ಬರೋ ಪ್ಲಾಸ್ಟಿಕ್ಕೋ ಇರಲಿ. ಅಲ್ಯುಮಿನಿಯಂ ಚೌಕಟ್ಟಿಗೆ ಸ್ಟೇನ್‌ಲೆಸ್ ಬೋಲ್ಟುಗಳನ್ನು ಹಾಕುವಾಗ ನೈಲಾನ್ ವಾಷರು ಅವಶ್ಯ. ದೀಪಗಳ ಪ್ಲಗ್ಗನ್ನು ನೀರಿಗಿಳಿಸುವ ಮುನ್ನ ಕಳಚಬೇಕು. ಕಾದ ಬಲ್ಬು ತಣ್ಣೀರು ತಗುಲಿದರೆ ಸಿಡಿಯುತ್ತದೆ. ವಿಂಚಿನ ಹಲ್ಲುಗಳಿಗೆ ಗ್ರೀಸ್, ಪಟ್ಟಿಯ ಹೊಲಿಗೆಗಳ ಪರೀಕ್ಷೆ, ಟೈರುಗಳ ಗಾಳಿ ಇವುಗಳನ್ನು ನೆನಪಿಸಿದರೆ ಸಾಕು. ಬ್ರೇಕುಗಳಿರುವ ಟ್ರೇಲರಾದರೆ ಡ್ರಮ್ಮಿನ ಒಳಗೂ ಸಿಹಿನೀರು ಹಾಯಲೇಬೇಕು.

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಆ ಕಾಲದ ಕಡಲಿನ ಉಗ್ರತೆಯಿಂದ ವಿಹಾರದ ದೋಣಿಗಳೂ ದಡದಲ್ಲಿಯೇ ಉಳಿಯುತ್ತವೆ. ಈ ದೀರ್ಘ ವಿರಾಮಕ್ಕೆ ಮುನ್ನ ಟ್ರೇಲರನ್ನು ಎರಡಾವರ್ತಿ ತೊಳೆದು ಒಣಗಿಸಿ, ಹಬ್‌ಗಳಿಗೆ ಹೊಸ ಗ್ರೀಸ್ ತುಂಬಿ, ಮುಂಭಾಗವನ್ನು ಕೊಂಚ ಎತ್ತರಿಸಿ ನೀರು ಹಿಂದಕ್ಕೆ ಬಸಿಯುವಂತೆ ನಿಲ್ಲಿಸಬೇಕು. ಭಾರ ಟೈರುಗಳ ಮೇಲೆ ಬೀಳದಂತೆ ಆಕ್ಸಲಿನ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟು, ನೆಲದ ತೇವ ತಟ್ಟದಂತೆ ಗಾಲಿಗಳನ್ನು ಎತ್ತಿಡಬೇಕು. ಆಗಾಗ ಗಾಲಿಗಳನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿದರೆ ಗ್ರೀಸ್ ಒಂದೇ ಕಡೆ ಇಳಿದು ಕೂರುವುದಿಲ್ಲ. ಬ್ಲೀಚಿಂಗ್ ಪುಡಿ, ರಾಸಾಯನಿಕ ಗೊಬ್ಬರ ಇವುಗಳನ್ನಿಡುವ ಕೊಟ್ಟಿಗೆಯಲ್ಲಿ ಟ್ರೇಲರಿಗೆ ಸ್ಥಳ ಕೊಡಬಾರದು.

ಆಗಸ್ಟಿನ ನಂತರ ಮತ್ತೆ ಹೊರಡುವಾಗ ಗಾಲಿಯ ನಟ್ಟುಗಳನ್ನೂ ಯು-ಬೋಲ್ಟುಗಳನ್ನೂ ಒಮ್ಮೆ ಬಿಗಿಮಾಡಿ, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿ ಸಡಿಲವಿದೆಯೇ ಎಂದು ನೋಡಿ, ಹಿಂಬದಿಯ ದೀಪಗಳನ್ನು ಒಬ್ಬರು ನಿಂತು ನೋಡುವಂತೆ ಮಾಡಿಯೇ ರಸ್ತೆಗಿಳಿಯಬೇಕು. ಮೊದಲ ಹತ್ತು ಕಿಲೋಮೀಟರುಗಳ ಬಳಿಕ ರಸ್ತೆಯ ಬದಿಗೆ ನಿಲ್ಲಿಸಿ, ಎರಡೂ ಹಬ್‌ಗಳನ್ನು ಮುಟ್ಟಿ ನೋಡಿ, ನಟ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿದ ಮೇಲೆ ಮುಂದಕ್ಕೆ ಸಾಗಬಹುದು.